ಆನಿ ನಗರವನ್ನು ಖಾಲಿ ಮಾಡಿದ್ದು ಯಾರು?

ಹೇಮಾವತಿ_ದಂಡೆ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ನಾನು, ನಮ್ಮ ಯಜಮಾನರು ಟರ್ಕಿಗೆ ಹೋಗಿದ್ದೆವು. ಇಸ್ತಾಂಬುಲ್ ನೋಡಿ ವಾಪಸ್ ಬರೋಣ ಅಂತ ನನ್ನ ಲೆಕ್ಕ. ಅವರಿಗೆ ಮಾತ್ರ ಅಂಕಾರಾದಿಂದ ಕಾರ್ಸ್‌ಗೆ ಹೋಗುವ ರೈಲಿನ ಹುಚ್ಚು. ಒಂದು ಹಗಲು, ಒಂದು ರಾತ್ರಿ ಕೂತರೂ ಮುಗಿಯದ ದಾರಿ. ಕಾರ್ಸ್‌ನಲ್ಲಿ ಇಳಿದ ಮೇಲೆ ಮಿನಿಬಸ್ಸಿನಲ್ಲಿ ಸುಮಾರು 45 ಕಿಲೋಮೀಟರ್ ಹೋದರೆ ಆನಿ. ಆರ್ಮೇನಿಯನ್ನರ ಹಳೇ ರಾಜಧಾನಿ.

ಎರಡು ಸಾಲು ಕೋಟೆ ಗೋಡೆ ದಾಟಿ ಒಳಗೆ ಕಾಲಿಟ್ಟರೆ ಊರೇ ಇಲ್ಲ! ಬರೀ ಹುಲ್ಲುಗಾವಲು, ಅದರ ನಡುವೆ ಅಲ್ಲೊಂದು ಇಲ್ಲೊಂದು ಚರ್ಚು. ಕೆಂಪು, ಕಪ್ಪು ಕಲ್ಲು. ಒಂದು ಚರ್ಚಂತೂ ತೆಂಗಿನಕಾಯಿ ಒಡೆದ ಹಾಗೆ ಸರಿಯಾಗಿ ಅರ್ಧ ನಿಂತಿದೆ. ಗಾಳಿ ಎಷ್ಟು ಬೀಸುತ್ತಿತ್ತು ಅಂದ್ರೆ ಮಾತಾಡಿದರೆ ಕೇಳಿಸುತ್ತಿರಲಿಲ್ಲ. ಕೆಳಗೆ ಕಮರಿಯಲ್ಲಿ ನದಿ, ಆಚೆ ದಡದಲ್ಲಿ ಕಾವಲು ಗೋಪುರ. ಅದು ಆರ್ಮೇನಿಯಾ ದೇಶ!

ನನ್ನ ಪ್ರಶ್ನೆ ಎರಡು. ಆರ್ಮೇನಿಯಾದ ರಾಜಧಾನಿ ಟರ್ಕಿಯಲ್ಲಿ ಯಾಕಿದೆ? ಅಷ್ಟು ದೊಡ್ಡ ಊರು ಖಾಲಿ ಆಗಿದ್ದು ಹೇಗೆ? ನಮ್ಮ ಗೈಡ್ "ಸೆಲ್ಜುಕರು ಬಂದರು, ಮುಗೀತು" ಅಂದ (ಸೆಲ್ಜುಕರು ಅಂದರೆ ಆ ಕಾಲದ ಒಂದು ತುರ್ಕಿ ರಾಜಮನೆತನವಂತೆ). ಮಿನಿಬಸ್ಸಿನಲ್ಲಿದ್ದ ಇನ್ನೊಬ್ಬರು "ಅಲ್ಲ, ಭೂಕಂಪ" ಅಂದರು. ಇಬ್ಬರೂ ವಾಪಸ್ ಬರೋವರೆಗೂ ವಾದ ಮಾಡಿದರು, ನನಗೆ ಒಂದೂ ಅರ್ಥ ಆಗಲಿಲ್ಲ.

ಸುಮ್ನೆ_ಓದುಗ
ಫೋಟೋ ಹಾಕಿ ಸರ್.

ಹುಬ್ಬಳ್ಳಿ_ಮಂದಿ
ಶೀರ್ಷಿಕೆ ನೋಡಿ ನಾನು ಆನಿ ಹಾವಳಿ ಸುದ್ದಿ ಅಂತ ಓಡಿ ಬಂದೆ. ನಮ್ಮ ಕಡೆ ಆನಿ ಅಂದರೆ ಆನೆ ರೀ. "ಆನಿ ಖಾಲಿ ಮಾಡಿದ್ದು ಯಾರು" ಅಂದರೆ ಏನು ತಿಳ್ಕೊಬೇಕು?

ಹೇಮಾವತಿ_ದಂಡೆ
ಸರ್ ಅಲ್ಲ, ಮೇಡಂ. ಫೋಟೋ ಮಗನ ಹತ್ತಿರ ಇವೆ, ಹಾಕಿಸುತ್ತೇನೆ. ಮತ್ತೆ ನಮ್ಮ ಸಕಲೇಶಪುರದಲ್ಲಿ ಆನೆ ಊರನ್ನೇ ಖಾಲಿ ಮಾಡಿಸುತ್ತೆ, ಅದಕ್ಕೆ ಬೇರೆ ಚರ್ಚೆ ಶುರು ಮಾಡೋಣ 🙂

ಶಾಸನಪ್ರಿಯ
ಒಳ್ಳೆ ಪ್ರಶ್ನೆ ಮೇಡಂ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಆನಿ ಮೊದಲಿಗೆ ಬರೀ ಒಂದು ಕೋಟೆ. ಕಮ್ಸರಕಾನ್ ಅನ್ನುವ ಮನೆತನದ್ದು. 5ನೇ ಶತಮಾನದ ಆರ್ಮೇನಿಯನ್ ಇತಿಹಾಸಕಾರರು ಅದರ ಹೆಸರು ಹೇಳುತ್ತಾರೆ. ಆಮೇಲೆ ಬಗ್ರಾತುನಿ ಮನೆತನದ ಕೈಗೆ ಬಂತು. ಈ ಬಗ್ರಾತುನಿಗಳು ಸುಮ್ನೆ ಒಂದು ಕಡೆ ಕೂತವರಲ್ಲ. ಬಗರಾನ್, ಶಿರಾಕವಾನ್, ಕಾರ್ಸ್ ಅಂತ ರಾಜಧಾನಿ ಬದಲಾಯಿಸುತ್ತಾ ಬಂದರು. ಕೊನೆಗೆ 961ರಲ್ಲಿ ಮೂರನೇ ಅಶೋತ್ ಕಾರ್ಸ್ ಬಿಟ್ಟು ಆನಿಗೆ ಬಂದ. ಅವನಿಗೆ "ದಯಾಳು" ಅಂತ ಬಿರುದು.

ಜಾಗ ಆರಿಸಿದ್ದು ಬಹಳ ಬುದ್ಧಿವಂತಿಕೆ. ನಕ್ಷೆಯಲ್ಲಿ ನೋಡಿದರೆ ತ್ರಿಕೋನ. ಒಂದು ಕಡೆ ಅಖುರಿಯನ್ ನದಿಯ ಕಮರಿ, ಇನ್ನೊಂದು ಕಡೆ ಇನ್ನೊಂದು ಕಮರಿ. ಎರಡು ಬದಿ ದೇವರೇ ಕಟ್ಟಿದ ಗೋಡೆ, ಮೂರನೇ ಬದಿಗೆ ಮಾತ್ರ ನಾವು ಕಟ್ಟಿದರೆ ಸಾಕು. ಅಶೋತ್ ಒಂದು ಗೋಡೆ ಕಟ್ಟಿದ. ಊರು ಅದರ ಹೊರಗೂ ಬೆಳೆಯಿತು. ಮಗ ಎರಡನೇ ಸಂಬಾತ್ (977ರಿಂದ 989) ಇನ್ನೂ ಮುಂದೆ ಹೊಸ ಗೋಡೆ ಎಬ್ಬಿಸಿದ. ನೀವು ದಾಟಿ ಹೋಗಿದ್ದು ಅದೇ. ಸಿಂಹದ ಉಬ್ಬುಚಿತ್ರ ಇರುವ ಬಾಗಿಲು ನೋಡಿದಿರಾ?

ಅವನ ತಮ್ಮ ಮೊದಲನೇ ಗಾಗಿಕ್ (989ರಿಂದ 1020) ಕಾಲ ಆನಿಯ ಚಿನ್ನದ ಕಾಲ. 992ರಲ್ಲಿ ಆರ್ಮೇನಿಯನ್ ಚರ್ಚಿನ ಪೀಠಾಧಿಪತಿ, ಅಂದರೆ ಕ್ಯಾಥೊಲಿಕೊಸ್, ಇಲ್ಲಿಗೇ ಬಂದು ನೆಲೆಸಿದರು. ಆದರೆ ಆನಿ ರಾಜಧಾನಿ ಆಗಿದ್ದು ಎಷ್ಟು ವರ್ಷ ಗೊತ್ತಾ? 961ರಿಂದ 1045. ಬರೀ 84 ವರ್ಷ. ನಮ್ಮ ಅಜ್ಜನ ಆಯಸ್ಸು.

ಹೇಮಾವತಿ_ದಂಡೆ
ಸಿಂಹದ ಬಾಗಿಲು ನೋಡಿದೆ, ಅದರ ಮುಂದೆ ನಿಂತೇ ಫೋಟೋ ತೆಗೆಸಿಕೊಂಡಿದ್ದು. 84 ವರ್ಷ ಅಂದ್ರೆ ನಂಬೋಕೆ ಆಗ್ತಿಲ್ಲ. ಅಷ್ಟರಲ್ಲಿ ಅಷ್ಟೆಲ್ಲಾ ಕಟ್ಟಿದರಾ?

ಶಾಸನಪ್ರಿಯ
ಎಲ್ಲಾ ಅಷ್ಟರಲ್ಲಿ ಅಲ್ಲ, ಅಲ್ಲೇ ಇದೆ ಮಜಾ. ಆಮೇಲೆ ಬರೆಯುತ್ತೇನೆ. ಅಂದ ಹಾಗೆ ಸಂಬಾತ್ ಗೋಡೆ ಕಟ್ಟಿಸುತ್ತಿದ್ದ ಹೊತ್ತಿಗೆ ಇಲ್ಲಿ ಚಾವುಂಡರಾಯ ಗೊಮ್ಮಟನನ್ನು ಕೆತ್ತಿಸುತ್ತಿದ್ದ. ಕಾಲದ ಅಂದಾಜಿಗೆ ಹೇಳಿದೆ ಅಷ್ಟೇ.

ನೇರಮಾತು
ಇದರಲ್ಲಿ ಚರ್ಚೆ ಏನಿದೆ? 1064ರ ಆಗಸ್ಟ್. ಸೆಲ್ಜುಕ್ ಸುಲ್ತಾನ ಆಲ್ಪ್ ಅರ್ಸ್‌ಲಾನ್ ಬಂದ, 25 ದಿನ ಮುತ್ತಿಗೆ ಹಾಕಿದ, ಒಳಗೆ ನುಗ್ಗಿದ, ಸಿಕ್ಕವರನ್ನೆಲ್ಲ ಕಡಿದ. ಬೀದಿಯಲ್ಲಿ ಹೆಣ ದಾಟದೆ ನಡೆಯೋಕೆ ಆಗುತ್ತಿರಲಿಲ್ಲ ಅಂತ ಅರಬ್ ಬರಹಗಾರರೇ ಬರೆದಿದ್ದಾರೆ. ಗೈಡ್ ಹೇಳಿದ್ದು ಸರಿ. ಮುಗೀತು.

ಶಾಸನಪ್ರಿಯ
ಹತ್ಯಾಕಾಂಡ ನಿಜ. ಅದೇ ಕಾಲದ ಆರ್ಮೇನಿಯನ್ ಪಾದ್ರಿ ಅರಿಸ್ತಾಕೇಸ್ ಲಸ್ತಿವೇರ್ತ್ಸಿ ಕೂಡ ಆನಿಗಾಗಿ ಅತ್ತು ಬರೆದಿದ್ದಾನೆ. ಆದರೆ "ಮುಗೀತು" ಅನ್ನೋದು ತಪ್ಪು. ಅದಕ್ಕೂ ಮೊದಲು ಆನಿಯನ್ನು ಕಳೆದಿದ್ದು ಕತ್ತಿ ಅಲ್ಲ, ಕಾಗದ.

ಗಾಗಿಕ್ ಸತ್ತ ಮೇಲೆ ಅವನ ಮಕ್ಕಳಲ್ಲಿ ಅಣ್ಣ ತಮ್ಮಂದಿರ ಜಗಳ. ಹೊವಾನ್ನೆಸ್ ಸಂಬಾತ್ ಆನಿಯಲ್ಲಿ ಕೂತ, ತಮ್ಮ ಅಶೋತ್ ಹೊರಗಡೆ ಆಳಿದ. ಹೊವಾನ್ನೆಸ್ ಸಂಬಾತ್‌ಗೆ ಬೈಜಾಂಟಿಯಮ್, ಅಂದರೆ ಪೂರ್ವ ರೋಮನ್ ಸಾಮ್ರಾಜ್ಯದ ಚಕ್ರವರ್ತಿಯ ಭಯ. "ನಾನು ಸತ್ತ ಮೇಲೆ ಆನಿ ನಿಮಗೇ" ಅಂತ ಬರೆದುಕೊಟ್ಟ! ಅವನು 1041ರ ಹೊತ್ತಿಗೆ ತೀರಿಕೊಂಡ. ಚಕ್ರವರ್ತಿ ಕಡೆಯವರು ಕಾಗದ ಹಿಡಿದು ಬಂದರು. ಊರಿನವರು ಒಪ್ಪಲಿಲ್ಲ, ಬಂದ ಸೈನ್ಯವನ್ನು ಓಡಿಸಿದರು, ಹದಿಹರೆಯದ ಎರಡನೇ ಗಾಗಿಕ್‌ಗೆ ಪಟ್ಟ ಕಟ್ಟಿದರು. ಆಮೇಲೆ ಆ ಹುಡುಗನನ್ನು ಮಾತುಕತೆಗೆ ಅಂತ ಚಕ್ರವರ್ತಿಯ ರಾಜಧಾನಿ (ಈಗಿನ ಇಸ್ತಾಂಬುಲ್) ಕಾನ್‌ಸ್ಟಾಂಟಿನೋಪಲ್‌ಗೆ ಕರೆಸಿಕೊಂಡರು. ಮತ್ತೆ ಬಿಡಲಿಲ್ಲ. ಇತ್ತ ಕ್ಯಾಥೊಲಿಕೊಸ್ ಪೇತ್ರೋಸ್ 1045ರಲ್ಲಿ ಊರನ್ನು ಒಪ್ಪಿಸಿಬಿಟ್ಟ. ಹತ್ತೊಂಬತ್ತು ವರ್ಷ ಆದ ಮೇಲೆ ಸೆಲ್ಜುಕರು ಬಂದಾಗ ಊರನ್ನು ಕಾಯಬೇಕಿದ್ದವರು ಬೈಜಾಂಟಿಯಮ್‌ನವರು.

ಹುಬ್ಬಳ್ಳಿ_ಮಂದಿ
ಅಣ್ಣ ತಮ್ಮಂದಿರ ಪಾಲಿನ ಜಗಳದಾಗ ಮೂರನೇಯವನು ಹೊಲ ಹೊಡೆದ. ಎಲ್ಲಾ ಊರಿನ ಕತೆ ಇಷ್ಟೇ ನೋಡ್ರಿ.

ನೇರಮಾತು
ಸರಿ, ಬೈಜಾಂಟಿಯಮ್ ತಪ್ಪೂ ಇದೆ. ಆದ್ರೂ ಕೊಂದವರು ಸೆಲ್ಜುಕರೇ.

ಶಾಸನಪ್ರಿಯ
ಹಾಗಾದ್ರೆ ಮೇಡಂ ನೋಡಿ ಬಂದ ತಿಗ್ರಾನ್ ಹೊನೆಂತ್ಸ್ ಚರ್ಚು? ಕಮರಿಯ ಅಂಚಿನಲ್ಲಿ, ಒಳಗೆಲ್ಲಾ ಬಣ್ಣದ ಚಿತ್ರ ಇರೋದು. ಅದು ಕಟ್ಟಿದ್ದು 1215ರಲ್ಲಿ. "ಮುಗಿದ" 151 ವರ್ಷ ಆದ ಮೇಲೆ! ಕಟ್ಟಿಸಿದ್ದು ರಾಜ ಅಲ್ಲ, ಒಬ್ಬ ವ್ಯಾಪಾರಿ. ಸತ್ತ ಊರಿನಲ್ಲಿ ಸೆಟ್ಟರು ಅಷ್ಟು ದುಡ್ಡು ಹಾಕುತ್ತಾರಾ?

ನಡುವೆ ನಡೆದಿದ್ದು ಇಷ್ಟು. 1072ರಲ್ಲಿ ಶದ್ದಾದಿ ಅನ್ನುವ ಕುರ್ದ್ ಮನೆತನ ಸೆಲ್ಜುಕರಿಂದ ಆನಿಯನ್ನು ಕೊಂಡುಕೊಂಡಿತು. ಹೌದು, ದುಡ್ಡು ಕೊಟ್ಟು. ಅವರಲ್ಲಿ ಮನೂಚಿಹ್ರ್ ಗೋಡೆ ರಿಪೇರಿ ಮಾಡಿಸಿದ. ನದಿಯ ಮೇಲೆ ಬಾಗಿ ನಿಂತ ಹಾಗೆ ಕಾಣುವ ಮಸೀದಿ ಇದೆಯಲ್ಲ, ಅದಕ್ಕೆ ಅವನದೇ ಹೆಸರು. 1199ರ ಹೊತ್ತಿಗೆ ಜಾರ್ಜಿಯಾದ ರಾಣಿ ತಮಾರಳ ಸೈನ್ಯ ಊರನ್ನು ಗೆದ್ದಿತು. ಅವಳ ದಂಡನಾಯಕರು ಜಕಾರೆ, ಇವಾನೆ ಅನ್ನುವ ಅಣ್ಣ ತಮ್ಮಂದಿರು. ಅವರ ಕೈಯಲ್ಲಿ ಆನಿ ಮತ್ತೆ ಮೈ ತುಂಬಿಕೊಂಡಿತು. ರಾಜಧಾನಿ ಅಲ್ಲದಿದ್ದರೂ ಸಂತೆ ಜೋರು.

ಹೊನೆಂತ್ಸ್ ಚರ್ಚಿನ ಹೊರಗೋಡೆ ಮೇಲೆ ಉದ್ದದ ಶಾಸನ ಇದೆ. ಯಾವ ಯಾವ ಆಸ್ತಿ ಕೊಂಡು ದೇವರಿಗೆ ಬಿಟ್ಟೆ ಅಂತ ಪಟ್ಟಿ. ನಮ್ಮ ದಾನಶಾಸನ ಓದಿದವರಿಗೆ ಅದನ್ನು ನೋಡಿದರೆ ನಗು ಬರುತ್ತೆ, ಅಷ್ಟು ಪರಿಚಯದ ಧಾಟಿ.

ಕಂಬಿ_ಸಿಮೆಂಟು
ನಾನು ಸಿವಿಲ್ ಇಂಜಿನಿಯರ್. ಚರಿತ್ರೆ ಗೊತ್ತಿಲ್ಲ, ಕಟ್ಟಡದ ಬಗ್ಗೆ ಮಾತ್ರ ಹೇಳಬಲ್ಲೆ.

ಆನಿಯ ದೊಡ್ಡ ಚರ್ಚು ಅಂದರೆ ಕ್ಯಾಥೆಡ್ರಲ್ ಶುರುವಾಗಿದ್ದು 989ರಲ್ಲಿ, ಸಂಬಾತ್ ಕಾಲದಲ್ಲಿ. ಮುಗಿಸಿದ್ದು ಗಾಗಿಕ್‌ನ ರಾಣಿ ಕತ್ರಾನಿದೆ, 1001ರಲ್ಲಿ. ಶಿಲ್ಪಿ ತ್ರದಾತ್. ಅದೇ 989ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಭೂಕಂಪ ಆಗಿ ಹಾಗಿಯಾ ಸೋಫಿಯಾದ ಗುಮ್ಮಟದ ಒಂದು ಭಾಗ ಬಿತ್ತು. ಅದನ್ನು ಸರಿಮಾಡಿದ್ದು ಯಾರು ಗೊತ್ತಾ? ಇದೇ ತ್ರದಾತ್. ಆಸೋಘಿಕ್ ಅನ್ನುವ ಆ ಕಾಲದ ಆರ್ಮೇನಿಯನ್ ಬರಹಗಾರ ಹೇಳಿದ್ದಾನೆ. ಅಂದರೆ ಮೇಡಂ ಇಸ್ತಾಂಬುಲ್‌ನಲ್ಲಿ ಕತ್ತೆತ್ತಿ ನೋಡಿದ ಗುಮ್ಮಟಕ್ಕೂ ಆನಿಗೂ ಒಬ್ಬನೇ ಮೇಸ್ತ್ರಿಯ ಕೈ.

ಕಲ್ಲು ಟಫ್. ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಲ್ಲು. ಹಗುರ, ಉಳಿಗೆ ಸಲೀಸಾಗಿ ಬಗ್ಗುತ್ತೆ. ಗೋಡೆ ಪೂರ್ತಿ ಕಲ್ಲಿನದು ಅಂದುಕೊಳ್ಳಬೇಡಿ. ಎರಡು ಕಡೆ ನಯವಾಗಿ ಕೆತ್ತಿದ ತೆಳು ಕಲ್ಲಿನ ಹಾಸು, ನಡುವೆ ಕಲ್ಲಿನ ಚೂರು, ಸುಣ್ಣದ ಗಾರೆ ಸುರಿದು ತುಂಬಿದ್ದು. ನಮ್ಮ ಕಾಂಕ್ರೀಟಿನ ಅಜ್ಜ ಅನ್ನಿ. ಅದಕ್ಕೇ ಹೊರಗಿನ ಹಾಸು ಕಿತ್ತು ಹೋದರೂ ಒಳಗಿನ ಮುದ್ದೆ ಇನ್ನೂ ನಿಂತಿರೋದು. ಆ ಅರ್ಧ ಚರ್ಚಿನ ಸೀಳಿದ ಜಾಗದಲ್ಲಿ ಇದು ಚೆನ್ನಾಗಿ ಕಾಣಬೇಕು.

ಹೇಮಾವತಿ_ದಂಡೆ
ಹೌದು! ಹತ್ತಿರದಿಂದ ನೋಡಿದೆ. ಅಂಚಿನಲ್ಲಿ ಕಡಲೆ ಮಿಠಾಯಿ ಮುರಿದಾಗ ಕಾಣುತ್ತಲ್ಲ, ಹಾಗೆ ಬೆಣಚು ಬೆಣಚಾಗಿ ಕಲ್ಲಿನ ಚೂರು. ಹೊರಗೆ ಮಾತ್ರ ನುಣ್ಣಗೆ. ಅದು ಅರ್ಧ ಆಗಿದ್ದು ಭೂಕಂಪದಿಂದಲಾ?

ಕಂಬಿ_ಸಿಮೆಂಟು
ಅಲ್ಲ. ಅದು 1035ರ ಹೊತ್ತಿಗೆ ಕಟ್ಟಿದ್ದು. ಯೇಸುವಿನ ಶಿಲುಬೆಯದು ಅಂತ ನಂಬಿದ ಒಂದು ಚೂರನ್ನು ಇಡೋಕೆ ಅಂತ. 1957ರವರೆಗೂ ಗುಮ್ಮಟದ ಸಮೇತ ನಿಂತಿತ್ತು. ಆ ವರ್ಷ ಒಂದು ಬಿರುಗಾಳಿಯಲ್ಲಿ ಪೂರ್ವದ ಅರ್ಧ ಕುಸಿಯಿತು. ಒಂಬೈನೂರು ವರ್ಷ ತಡೆದಿದ್ದು ನಮ್ಮ ತಂದೆ ಕಾಲದಲ್ಲಿ ಬಿತ್ತು.

ಭೂಕಂಪದ ಕೆಲಸ ಕ್ಯಾಥೆಡ್ರಲ್ ಮೇಲೆ. 1319ರಲ್ಲಿ ಗುಮ್ಮಟ ಬಿತ್ತು. 1988ರ ಡಿಸೆಂಬರಿನಲ್ಲಿ ಆರ್ಮೇನಿಯಾದ ಸ್ಪಿತಾಕ್ ಭೂಕಂಪಕ್ಕೆ ವಾಯವ್ಯ ಮೂಲೆ ಕುಸಿಯಿತು. ಇಷ್ಟಾದರೂ ಒಳಗಿನ ಕಂಬ ನಿಂತಿವೆ. ಕಂಬ ಅಂದರೆ ಒಂದೇ ದಿಮ್ಮಿ ಅಲ್ಲ, ಕಬ್ಬಿನ ಜಲ್ಲೆ ಕಟ್ಟು ಕಟ್ಟಿದ ಹಾಗೆ. ಮೇಲೆ ಚೂಪು ಕಮಾನು.

ನೇರಮಾತು
ಚೂಪು ಕಮಾನು, ಕಟ್ಟು ಕಂಬ ಅಂದ್ರೆ ಯುರೋಪಿನ ಗಾಥಿಕ್ ಶೈಲಿ. ಅದು ಬಂದಿದ್ದು 12ನೇ ಶತಮಾನದಲ್ಲಿ. ಅಂದರೆ ಯುರೋಪಿನವರು ಆನಿಯಿಂದ ಕದ್ದಿದ್ದು, ಅಲ್ವಾ? ಯಾರೂ ಹೇಳಲ್ಲ ಇದನ್ನ.

ಕಂಬಿ_ಸಿಮೆಂಟು
ಎಲ್ಲರೂ ಹೇಳುತ್ತಾರೆ, ಸಾಬೀತು ಮಾಡೋಕೆ ಮಾತ್ರ ಯಾರಿಗೂ ಆಗಿಲ್ಲ. ಆಕಾರ ಒಂದೇ ಥರ ಇದೆ ಅಂದ ಮಾತ್ರಕ್ಕೆ ಕದ್ದರು ಅನ್ನೋಕೆ ಆಗಲ್ಲ ಗುರು. ಗಾಥಿಕ್‌ನಲ್ಲಿ ಕಂಬದಿಂದ ಪಕ್ಕೆಲುಬು ಥರ ಹೊರಟು ಛಾವಣಿಯ ಭಾರ ಹೊರುತ್ತೆ. ಇಲ್ಲಿ ಲೆಕ್ಕ ಬೇರೆ, ಗುಮ್ಮಟದ ಭಾರ.

ಮೂಡಬಿದ್ರೆ_ಮಾಣಿ
ಅಲ್ಲ ಮಾರಾಯ್ರೆ, ಆನಿಯಲ್ಲಿ 1001 ಚರ್ಚು ಇತ್ತು ಅಂತ ಎಲ್ಲಾ ಕಡೆ ಬರೆದಿರ್ತಾರೆ. ಅದು ನಿಜವಾ? ಒಂದು ಲಕ್ಷ ಜನಕ್ಕೆ ಸಾವಿರ ಚರ್ಚು ಯಾಕೆ?

ಶಾಸನಪ್ರಿಯ
ನಿಮ್ಮೂರಿನ ಸಾವಿರ ಕಂಬದ ಬಸದಿಯಲ್ಲಿ ಕಂಬ ಎಣಿಸಿದ್ದೀರಾ?

ಮೂಡಬಿದ್ರೆ_ಮಾಣಿ
ಚಿಕ್ಕವನಿದ್ದಾಗ ಎಣಿಸೋಕೆ ಹೋಗಿ ಮೂರು ಸಲ ಮೂರು ಲೆಕ್ಕ ಬಂತು. ಅರ್ಥ ಆಯ್ತು ಬಿಡಿ 😀

ಶಾಸನಪ್ರಿಯ
ಅಷ್ಟೇ. 1001 ಅಂದ್ರೆ "ಲೆಕ್ಕ ಇಲ್ಲದಷ್ಟು". ಇಲ್ಲಿಯವರೆಗೆ ಗುರುತು ಸಿಕ್ಕಿದ್ದು ಚರ್ಚು, ಸಣ್ಣ ಗುಡಿ, ಸಮಾಧಿ ಎಲ್ಲಾ ಸೇರಿ ಸುಮಾರು 40. ಒಂದು ಲಕ್ಷ ಜನ ಅನ್ನೋದನ್ನೂ ಪೂರ್ತಿ ನಂಬಬೇಡಿ. ಆದರೆ ಗೋಡೆಯೊಳಗೆ ಮಾತ್ರ ಜನ ಇದ್ದದ್ದಲ್ಲ. ಎರಡೂ ಕಮರಿಗಳ ಬಂಡೆ ಕೊರೆದು ನೂರಾರು ಗುಹೆ ಮನೆ ಮಾಡಿದ್ದರು. ಚರ್ಚು ಮಾತ್ರ ಅಂತಲೂ ಅಲ್ಲ. 1909ರಲ್ಲಿ ಅಗೆದಾಗ ನಾಲ್ಕು ಗಿಡ್ಡ ದಪ್ಪ ಕಂಬದ ಒಂದು ಅಗ್ನಿಗುಡಿ ಸಿಕ್ಕಿತು, ಪಾರ್ಸಿಗಳ ಧರ್ಮದ್ದು. ಆಮೇಲೆ ಯಾರೋ ಕಂಬಗಳ ನಡುವೆ ಗೋಡೆ ಎಬ್ಬಿಸಿ ಚರ್ಚು ಮಾಡಿಕೊಂಡಿದ್ದರು.

ಸುಮ್ನೆ_ಓದುಗ
ಮೇಡಂ, ಫೋಟೋ?

ಹೇಮಾವತಿ_ದಂಡೆ
ಮಗ ಆಫೀಸಿನಿಂದ ಬರಲಿ ಅಪ್ಪಾ.

ಲೆಕ್ಕದ_ಪುಸ್ತಕ
ಇಡೀ ಚರ್ಚೆ ಓದಿದೆ. ಕತ್ತಿ ಆಯ್ತು, ಭೂಕಂಪ ಆಯ್ತು. ಅಸಲಿ ಆರೋಪಿಯ ಹೆಸರನ್ನು ಯಾರೂ ಹೇಳಿಲ್ಲ. ನಾನು ಇಪ್ಪತ್ತು ವರ್ಷದಿಂದ ಜನರ ರಿಟರ್ನ್ಸ್ ತುಂಬುವವನು, ಅದಕ್ಕೇ ನನ್ನ ಕಣ್ಣಿಗೆ ಬಿತ್ತು. ತೆರಿಗೆ!

1236ರಲ್ಲಿ ಮಂಗೋಲರು ಆನಿಯನ್ನು ಹಿಡಿದರು, ಅವರೂ ಕಡಿದರು. ಆದರೂ ಊರು ಉಳಿಯಿತು. ಆಮೇಲೆ ಶುರುವಾಗಿದ್ದು ವಸೂಲಿ. ತಲೆಗೆ ಇಷ್ಟು, ಸರಕಿಗೆ ಇಷ್ಟು, ಸಾಹೇಬರು ಬಂದರೆ ಇಷ್ಟು, ಕಾಣಿಕೆ ಇಷ್ಟು. ಮನೂಚಿಹ್ರ್ ಮಸೀದಿಯ ಗೋಡೆ ಮೇಲೆ ಪರ್ಷಿಯನ್ ಭಾಷೆಯ ಒಂದು ಶಾಸನ ಇದೆ. ಇರಾನ್ ಆಳುತ್ತಿದ್ದ ಮಂಗೋಲ್ ದೊರೆ ಅಬೂ ಸಯೀದ್ (ಆಳಿದ್ದು 1316ರಿಂದ 1335) ಹೊರಡಿಸಿದ ಆಜ್ಞೆ. ಅದರ ಸಾರಾಂಶ ನನ್ನ ಮಾತಿನಲ್ಲಿ: ಇಲ್ಲಿ ಅನ್ಯಾಯವಾಗಿ ವಸೂಲಿ ಮಾಡಿದ್ದಕ್ಕೆ ಜನ ಚದುರಿ ಹೋಗಿದ್ದಾರೆ, ಮನೆ ಮಠ ಬಿಟ್ಟು ಓಡಿದ್ದಾರೆ. ಇನ್ನು ಮುಂದೆ ಸುಂಕ ಬಿಟ್ಟು ಬೇರೆ ಏನೂ ಕೇಳಬಾರದು.

ನೋಡಿ, ಊರು ಯಾಕೆ ಖಾಲಿ ಆಯ್ತು ಅಂತ ಊರಿನ ಗೋಡೆಯೇ ಹೇಳುತ್ತಿದೆ. ಸರ್ಕಾರವೇ ಬರೆಸಿದ್ದು.

ಶಾಸನಪ್ರಿಯ
ನೂರಕ್ಕೆ ನೂರು ಒಪ್ಪಿದೆ. ನಾನು ಇದಕ್ಕೇ ಬರುತ್ತಿದ್ದೆ, ನೀವು ಮುಂಚೆ ಹೊಡೆದಿರಿ. ಆನಿಯ ಗೋಡೆಗಳ ಮೇಲೆ ತೆರಿಗೆ ಮನ್ನಾ ಮಾಡಿದ ಆರ್ಮೇನಿಯನ್ ಶಾಸನಗಳೂ ಇವೆ. "ಇಂಥ ಸುಂಕ ಬಿಟ್ಟೆವು, ಮತ್ತೆ ಕೇಳಿದವನಿಗೆ ಶಾಪ" ಅನ್ನುವ ಥರದ್ದು. ಮತ್ತೆ ಮತ್ತೆ ಮನ್ನಾ ಮಾಡಬೇಕಾಯಿತು ಅಂದರೆ ಮತ್ತೆ ಮತ್ತೆ ಯಾರೋ ಹಾಕುತ್ತಿದ್ದರು ಅಂತ ಅರ್ಥ.

ನೇರಮಾತು
ತೆರಿಗೆಯಿಂದ ಊರು ಸತ್ತರೆ ಬೆಂಗಳೂರು ಇಷ್ಟು ಹೊತ್ತಿಗೆ ಹುಲ್ಲುಗಾವಲು ಆಗಬೇಕಿತ್ತು.

ಲೆಕ್ಕದ_ಪುಸ್ತಕ
ಬೆಂಗಳೂರಿನಲ್ಲಿ ಕೆಲಸ ಇದೆ ಸ್ವಾಮಿ, ಬೈಕೊಂಡಾದರೂ ಇರ್ತೀವಿ. ಆನಿಯ ಕೆಲಸವೇ ವ್ಯಾಪಾರ. ವ್ಯಾಪಾರದ ದಾರಿಗಳು ಬೇರೆ ಕಡೆ ತಿರುಗಿದ ಮೇಲೆ ಸುಂಕ ಕಟ್ಟಿ ಅಲ್ಲಿ ಯಾಕೆ ಇರಬೇಕು? ದುಡ್ಡಿದ್ದವರು ಮೊದಲು ಹೋದರು. ಆಮೇಲೆ 1319ರಲ್ಲಿ ಗುಮ್ಮಟ ಬಿತ್ತು, ಅದನ್ನು ಮತ್ತೆ ಕಟ್ಟಿಸೋಕೆ ಒಬ್ಬ ಹೊನೆಂತ್ಸ್ ಇರಲಿಲ್ಲ. ಭೂಕಂಪ ಎಲ್ಲಾ ಊರಿಗೂ ಬರುತ್ತೆ. ರಿಪೇರಿ ಮಾಡಿಸುವವರು ಇದ್ದಾರಾ ಇಲ್ವಾ ಅನ್ನೋದು ಪ್ರಶ್ನೆ.

ಕಂಬಿ_ಸಿಮೆಂಟು
ಇದಕ್ಕೆ ನನ್ನದೂ ಒಂದು ವೋಟು. ಹಾಗಿಯಾ ಸೋಫಿಯಾ ಗುಮ್ಮಟ ಕೂಡ ಬಿತ್ತು, ತ್ರದಾತ್‌ನನ್ನು ಕರೆಸಿ ಎಬ್ಬಿಸಿದರು. ತ್ರದಾತ್‌ನ ಗುಮ್ಮಟ ಬಿದ್ದಾಗ ಯಾರೂ ಬರಲಿಲ್ಲ.

ಹೇಮಾವತಿ_ದಂಡೆ
ಅಯ್ಯೋ, ಇದನ್ನು ಓದಿ ನಮ್ಮ ಯಜಮಾನರಿಗೆ ಹೇಳಿದೆ. "ನಾನು ಅಂದೇ ಹೇಳಿದ್ದೆ" ಅಂದರು. ಏನೂ ಹೇಳಿರಲಿಲ್ಲ. ಹಾಗಾದ್ರೆ ಕೊನೆಯವರು ಹೋಗಿದ್ದು ಯಾವಾಗ?

ಶಾಸನಪ್ರಿಯ
ಅದೊಂದು ದಿನ ಅಂತ ಇಲ್ಲ. 1579ರಲ್ಲಿ ಆಟೊಮನ್ನರ ಕೈಗೆ ಬಂತು. 17ನೇ ಶತಮಾನದ ನಡುವಿನವರೆಗೂ ಗೋಡೆಯೊಳಗೆ ಒಂದು ಸಣ್ಣ ಊರು ಇತ್ತು. ನದಿಯ ತಿರುವಿನಲ್ಲಿ ಕಡಿದಾದ ಬಂಡೆ ಮೇಲೆ ಒಂದು ಮಠ ಕಾಣುತ್ತಲ್ಲ, ಅಲ್ಲಿನ ಕೊನೆಯ ಸನ್ಯಾಸಿಗಳು 1735ರ ಹೊತ್ತಿಗೆ ಹೊರಟುಹೋದರು. ಕೊಲೆ ಅಲ್ಲ ಇದು, ನಾಲ್ಕು ನೂರು ವರ್ಷದ ಕ್ಷಯರೋಗ.

ಯೆರೆವಾನ್_ಡೈರಿ
ನಮಸ್ಕಾರ, ನಾನು ಇಲ್ಲಿ ಆರ್ಮೇನಿಯಾದ ಈಗಿನ ರಾಜಧಾನಿ ಯೆರೆವಾನ್‌ನಲ್ಲಿ ಎಂಬಿಬಿಎಸ್ ಮೂರನೇ ವರ್ಷ. ಊರು ದಾವಣಗೆರೆ. ಈ ಚರ್ಚೆ ನೋಡಿ ತುಂಬಾ ಖುಷಿ ಆಯ್ತು.

ನಾವು ಬಾಡಿಗೆಗೆ ಇರುವ ಮನೆಯ ಅಜ್ಜಿಯ ಮೊಮ್ಮಗಳ ಹೆಸರು ಆನಿ. ನಮ್ಮ ಆಸ್ಪತ್ರೆಯ ನರ್ಸ್ ಆನಿ. ಪಕ್ಕದ ಬೇಕರಿಯಲ್ಲಿ ಇನ್ನೊಬ್ಬಳು. ಇಲ್ಲಿ "ಆನಿ" ಅಂತ ಜೋರಾಗಿ ಕರೆದರೆ ಬೀದಿಯಲ್ಲಿ ಮೂವರು ತಿರುಗುತ್ತಾರೆ. ಅಜ್ಜಿಯ ಊಟದ ಮೇಜಿನ ಮೇಲ್ಗಡೆ ಆ ಗುಮ್ಮಟ ಇಲ್ಲದ ಚರ್ಚಿನ ಚಿತ್ರ ತೂಗುಹಾಕಿದೆ. "ಹೋಗಿದ್ದೀರಾ ಅಜ್ಜಿ" ಅಂತ ಕೇಳಿದ್ದೆ. "ನೋಡಿದ್ದೇನೆ" ಅಂದರು. ಹೋಗಿಲ್ಲ, ನೋಡಿದ್ದಾರೆ. ಈ ಕಡೆ ದಡದಿಂದ.

ಗಡಿ 1993ರಿಂದ ಮುಚ್ಚಿದೆ. ಇಲ್ಲಿಂದ ಆನಿಗೆ ಹೋಗಬೇಕು ಅಂದ್ರೆ ಜಾರ್ಜಿಯಾ ಸುತ್ತಿಕೊಂಡು ಹೋಗಬೇಕು. ಕಣ್ಣಿಗೆ ಕಾಣುವ ಊರಿಗೆ ಒಂದೆರಡು ದಿನದ ದಾರಿ. ಅರಾರಾತ್ ಬೆಟ್ಟವೂ ಹಾಗೇ. ಬೆಳಿಗ್ಗೆ ನಮ್ಮ ಹಾಸ್ಟೆಲ್ ಕಿಟಕಿಯಿಂದ ಕಾಣುತ್ತಿತ್ತು, ಇರೋದು ಟರ್ಕಿಯಲ್ಲಿ.

ಮೇಡಂ ಕೇಳಿದ ಮೊದಲ ಪ್ರಶ್ನೆಗೆ ಉತ್ತರ ಬಾಕಿ ಇತ್ತು, ನಾನು ಹೇಳ್ತೀನಿ. 1878ರಲ್ಲಿ ಕಾರ್ಸ್ ಸೀಮೆ ರಷ್ಯಾಕ್ಕೆ ಹೋಯಿತು. ಮೊದಲ ಮಹಾಯುದ್ಧ ಆದ ಮೇಲೆ ಸ್ವಲ್ಪ ಕಾಲ ಆರ್ಮೇನಿಯಾ ಗಣರಾಜ್ಯದ ಕೈಯಲ್ಲಿತ್ತು. 1920ರ ಯುದ್ಧದಲ್ಲಿ ಟರ್ಕಿ ಗೆದ್ದಿತು, 1921ರ ಕಾರ್ಸ್ ಒಪ್ಪಂದದಲ್ಲಿ ಅಖುರಿಯನ್ ನದಿಯೇ ಗಡಿ ಅಂತ ಆಯ್ತು. ಊರು ನದಿಯ ಆ ಕಡೆ ಉಳಿಯಿತು.

ನೇರಮಾತು
ಇನ್ನೂ ಹೇಳಮ್ಮಾ, ಯಾಕೆ ನಿಲ್ಲಿಸಿದೆ? 1915ರ ನರಮೇಧದಲ್ಲಿ ಆಗಿನ ಗಡಿಯಾಚೆ ಆಟೊಮನ್ನರ ಸೀಮೆಗಳಲ್ಲಿ ಆರ್ಮೇನಿಯನ್ನರನ್ನೇ ಇಲ್ಲವಾಗಿಸಿದರು. 1921ರಲ್ಲಿ ಅಂಕಾರಾದಿಂದ ರಿಜಾ ನೂರ್ ಅನ್ನುವ ಮಂತ್ರಿ ಆನಿಯ ಅವಶೇಷಗಳನ್ನು ನೆಲಸಮ ಮಾಡಿ ಅಂತ ಆದೇಶ ಕಳಿಸಿದ. ಅಲ್ಲಿ ಬೋರ್ಡುಗಳಲ್ಲಿ "ಆರ್ಮೇನಿಯನ್" ಅನ್ನುವ ಪದವೇ ಬಹಳ ಕಾಲ ಇರಲಿಲ್ಲ. ಇದು ಇತಿಹಾಸ ಅಲ್ವಾ?

ಶಾಸನಪ್ರಿಯ
ಇತಿಹಾಸವೇ. ಪೂರ್ತಿ ಹೇಳಿ ಹಾಗಾದ್ರೆ. ಆ ಆದೇಶ ಹೋಗಿದ್ದು ಕಾಜಿಮ್ ಕಾರಾಬೆಕಿರ್ ಅನ್ನುವ ಸೇನಾಪತಿಗೆ. ಕಾರ್ಸ್ ಗೆದ್ದವನೇ ಅವನು. ನಾನು ಅದನ್ನು ಒಪ್ಪಲಿಲ್ಲ ಅಂತ ಅವನೇ ತನ್ನ ನೆನಪುಗಳಲ್ಲಿ ಬರೆದುಕೊಂಡಿದ್ದಾನೆ. ಆನಿಯ ಗೋಡೆಗಳ ಉದ್ದಳತೆ ನೋಡಿದರೆ ಅದನ್ನು ಕೆಡವೋದು ಆಗದ ಮಾತು ಅಂತಲೂ.

ಲೆಕ್ಕದ_ಪುಸ್ತಕ
ಆರ್ಮೇನಿಯಾ ಕಡೆಯಿಂದಲೂ ಪೆಟ್ಟು ಬಿದ್ದಿದೆ ಅಂತ ಓದಿದ್ದೆ. ಆಚೆ ದಡದಲ್ಲೇ ಕಲ್ಲು ಗಣಿ, ಸಿಡಿಮದ್ದು. ಈ ಕಡೆ ಗೋಡೆ ನಡುಗುತ್ತಿತ್ತಂತೆ.

ಯೆರೆವಾನ್_ಡೈರಿ
ಹೌದು, ನಿಜ. ಅಜ್ಜಿಗೆ ಅದನ್ನು ಹೇಳಿದರೆ ಕೋಪ ಬರುತ್ತೆ. ನನ್ನ ಮೇಲಲ್ಲ, ಗಣಿಯವರ ಮೇಲೆ.

ನೇರಮಾತು
2010ರಲ್ಲಿ ಟರ್ಕಿಯ ಒಂದು ರಾಷ್ಟ್ರೀಯವಾದಿ ಪಕ್ಷದವರು ಆ ಕ್ಯಾಥೆಡ್ರಲ್ ಒಳಗೆ ಶುಕ್ರವಾರದ ನಮಾಜ್ ಮಾಡಿದರು. ಅದಕ್ಕೆ ಏನಂತೀರಾ?

ಮೂಡಬಿದ್ರೆ_ಮಾಣಿ
ಶುರುವಾಯ್ತು. ನಾನು ಚಾ ಕುಡಿದು ಬರ್ತೇನೆ.

ನಿರ್ವಾಹಕ
ಇತಿಹಾಸ ಎಷ್ಟು ಬೇಕಾದರೂ ಮಾತಾಡಿ. ಈಗಿನ ರಾಜಕೀಯಕ್ಕೆ, ಅದರಲ್ಲೂ ನಮ್ಮೂರಿನ ರಾಜಕೀಯಕ್ಕೆ ಎಳೆದು ತಂದರೆ ಬೀಗ ಹಾಕುತ್ತೇನೆ. ಎರಡು ಸಂದೇಶ ಅಳಿಸಿದ್ದೇನೆ, ಯಾರದ್ದು ಅಂತ ಅವರಿಗೇ ಗೊತ್ತು.

ಚೆನ್ನೈ_ಕನ್ನಡತಿ
ವಿಷಯ ಬದಲಾಯಿಸ್ತೀನಿ. ನಾನು ಕೆಲಸ ಮಾಡೋದು ಚೆನ್ನೈನ ಅರ್ಮೇನಿಯನ್ ಸ್ಟ್ರೀಟ್ ಹತ್ತಿರ. ಅಲ್ಲಿ 1772ರ ಹಳೇ ಆರ್ಮೇನಿಯನ್ ಚರ್ಚು ಇದೆ, ಅಂಗಳದ ತುಂಬಾ ಗೋರಿ ಕಲ್ಲು, ಸಂಪಿಗೆ ಮರ. ಹೊರಗೆ ಆಟೋ ಗದ್ದಲ, ಒಳಗೆ ಕಾಲಿಟ್ಟರೆ ನಿಶ್ಶಬ್ದ. ಪ್ರಪಂಚದ ಮೊದಲ ಆರ್ಮೇನಿಯನ್ ಪತ್ರಿಕೆ ಅಚ್ಚಾಗಿದ್ದು ಮದ್ರಾಸಿನಲ್ಲಿ, 1794ರಲ್ಲಿ! ಹೆಸರು ಅಜ್ದರಾರ್. ಸೈದಾಪೇಟೆಯ ಹಳೇ ಸೇತುವೆ ಕಟ್ಟಿಸಿದ್ದೂ ಪೆಟ್ರುಸ್ ಉಸ್ಕಾನ್ ಅನ್ನುವ ಆರ್ಮೇನಿಯನ್ ವ್ಯಾಪಾರಿ. ಇವರೆಲ್ಲ ಆನಿ ಬಿಟ್ಟು ಓಡಿ ಬಂದವರಾ?

ಶಾಸನಪ್ರಿಯ
ಅಲ್ಲ ಮೇಡಂ. ಭಾರತಕ್ಕೆ ಬಂದವರಲ್ಲಿ ಬಹಳ ಜನ ಇರಾನಿನ ಇಸ್ಫಹಾನ್ ಪಕ್ಕದ ಹೊಸ ಜುಲ್ಫಾದವರು. ಅರಸು ನದಿ ದಡದ ಹಳೇ ಜುಲ್ಫಾದಿಂದ ಷಾ ಅಬ್ಬಾಸ್ 1604ರ ಹೊತ್ತಿಗೆ ಅವರನ್ನು ಎಬ್ಬಿಸಿಕೊಂಡು ಹೋಗಿದ್ದ. ಕ್ಷಮಿಸಿ, ಅರಾಸ್ ನದಿ. ನನ್ನ ಫೋನು ಅರಾಸ್ ಅಂದ್ರೆ ಅರಸು ಅನ್ನುತ್ತೆ. ಆನಿ ನಮ್ಮ ಮೂಲ ಅಂತ ಹೇಳಿಕೊಳ್ಳೋದು ಕ್ರೈಮಿಯಾ, ಪೋಲೆಂಡ್ ಕಡೆಯ ಆರ್ಮೇನಿಯನ್ನರು.

ಹುಬ್ಬಳ್ಳಿ_ಮಂದಿ
ಒಂದು ಸಂಶಯ. ಆರ್ಮೇನಿಯಾದ ರಾಜಧಾನಿ ಕಟ್ಟೋಕೆ ಹ್ಯಾನಿಬಾಲ್ ಐಡಿಯಾ ಕೊಟ್ಟಿದ್ದ ಅಂತ ಎಲ್ಲೋ ಕೇಳಿದ್ದೆ. ಆನೆ ತಗೊಂಡು ಆಲ್ಪ್ಸ್ ದಾಟಿದ ಹ್ಯಾನಿಬಾಲ್. ಅದಕ್ಕೇ ಊರಿಗೆ ಆನಿ ಅಂತ ಹೆಸರು ಏನು?

ಶಾಸನಪ್ರಿಯ
ಹ್ಹಹ್ಹ! ಅದು ಬೇರೆ ಊರು, ಅರ್ತಾಶಾತ್. ಆನಿಗಿಂತ ಸಾವಿರ ವರ್ಷಕ್ಕೂ ಹಳೇದು, ಅರ್ತಾಶೇಸ್ ರಾಜ ಕಟ್ಟಿಸಿದ್ದು. ರೋಮನ್ನರಿಂದ ತಪ್ಪಿಸಿಕೊಂಡ ಹ್ಯಾನಿಬಾಲ್ ಜಾಗ ತೋರಿಸಿದ ಅಂತ ಹಳೇ ಗ್ರೀಕ್ ಲೇಖಕರಾದ ಸ್ಟ್ರಾಬೊ, ಪ್ಲೂಟಾರ್ಕ್ ಬರೆದಿದ್ದಾರೆ. ಕತೆ ಇರಬಹುದು, ಚೆನ್ನಾಗಿದೆ. ಕ್ರಿ.ಶ. 59ರ ಹೊತ್ತಿಗೆ ರೋಮನ್ ಸೇನಾಪತಿ ಕಾರ್ಬುಲೊ ಅದನ್ನು ಸುಟ್ಟ. ಆಮೇಲೆ ನೀರೋ ಕೊಟ್ಟ ದುಡ್ಡಿನಲ್ಲಿ ಮತ್ತೆ ಕಟ್ಟಿ ನೀರೋನ ಹೆಸರೇ ಇಟ್ಟರು! ಆರ್ಮೇನಿಯನ್ನರಿಗೆ ಇಂಥ ಹಳೇ ರಾಜಧಾನಿಗಳು ಒಂದು ಡಜನ್ ಹತ್ತಿರ ಇವೆ.

ಯೆರೆವಾನ್_ಡೈರಿ
ಅರ್ತಾಶಾತ್ ಜಾಗಕ್ಕೆ ನಾವು ಪಿಕ್ನಿಕ್ ಹೋಗಿದ್ದೆವು. ಖೋರ್ ವಿರಾಪ್ ಮಠದ ಪಕ್ಕದ ದಿಬ್ಬಗಳು. ಅಲ್ಲಿ ನೋಡೋಕೆ ಏನೂ ಇಲ್ಲ, ದ್ರಾಕ್ಷಿ ತೋಟ ಮಾತ್ರ. ಆನಿಯಲ್ಲಿ ಗೋಡೆಯಾದರೂ ನಿಂತಿದೆ.

ಕಂಬಿ_ಸಿಮೆಂಟು
ಆನಿಯಲ್ಲೂ ಹೋಗಿದ್ದು ಬಹಳ ಇದೆ. ನಿಕೊಲಾಯ್ ಮಾರ್ ಅನ್ನುವ ವಿದ್ವಾಂಸ 1892ರಿಂದ ಅಗೆದ, 1904ರಿಂದ 1917ರವರೆಗೆ ಹೆಚ್ಚುಕಡಿಮೆ ಪ್ರತಿ ವರ್ಷ. ಮನೂಚಿಹ್ರ್ ಮಸೀದಿಯನ್ನೇ ಮ್ಯೂಸಿಯಂ ಮಾಡಿದ್ದ. ಗಾಗಿಕ್ ಕಟ್ಟಿಸಿದ ದುಂಡು ಚರ್ಚನ್ನು ಅಗೆದಾಗ ಗಾಗಿಕ್‌ನದೇ ಪ್ರತಿಮೆ ಸಿಕ್ಕಿತು. ತಲೆಗೆ ದೊಡ್ಡ ಮುಂಡಾಸು, ಕೈಯಲ್ಲಿ ಆ ಚರ್ಚಿನ ಸಣ್ಣ ಮಾದರಿ. ಆಳೆತ್ತರಕ್ಕಿಂತ ದೊಡ್ಡದು. ಯುದ್ಧದ ಗಲಾಟೆಯಲ್ಲಿ ಅದು ಕಳೆದುಹೋಯಿತು. ಒಂದು ತುಂಡು ಮಾತ್ರ ಟರ್ಕಿಯ ಎರ್ಜುರುಮ್ ಮ್ಯೂಸಿಯಂನಲ್ಲಿದೆ, ಉಳಿದದ್ದು ಫೋಟೋದಲ್ಲಿ.

ಯೆರೆವಾನ್_ಡೈರಿ
ಮಾರ್‌ನ ಶಿಷ್ಯ ಅಶ್ಖರ್‌ಬೆಕ್ ಕಲಂತಾರ್ 1918ರಲ್ಲಿ ಟರ್ಕಿಯ ಸೈನ್ಯ ಬರುವ ಮುಂಚೆ ಸುಮಾರು 6000 ವಸ್ತು ಸಾಗಿಸಿದ. ಅವು ಈಗ ಇಲ್ಲಿನ ಮ್ಯೂಸಿಯಂನಲ್ಲಿವೆ.

ಲೆಕ್ಕದ_ಪುಸ್ತಕ
ಹೋಗಬೇಕು ಅನಿಸ್ತಿದೆ. ಮೇಡಂ, ನಾವು ಶುದ್ಧ ಸಸ್ಯಾಹಾರಿ. ಕಾರ್ಸ್‌ನಲ್ಲಿ ಏನು ತಿಂದಿರಿ?

ಹೇಮಾವತಿ_ದಂಡೆ
ಅಲ್ಲಿ ಬಾತುಕೋಳಿ ಥರದ ಹೆಬ್ಬಾತು ಫೇಮಸ್ಸು, ನಿಮಗೆ ಆಗಲ್ಲ. ಬ್ರೆಡ್ಡು, ಅಲ್ಲಿನ ಗಟ್ಟಿ ಚೀಸು, ಜೇನು, ಮಸೂರ್ ಬೇಳೆ ಸೂಪು. ಮೂರು ದಿನ ಅದೇ. ನಾನು ಚಟ್ನಿಪುಡಿ ಒಯ್ದಿದ್ದೆ, ಅದೇ ಕಾಪಾಡಿತು. ಆನಿಗೆ ಹೋಗುವಾಗ ನೀರು, ಕಿವಿ ಮುಚ್ಚುವ ಟೋಪಿ ಇರಲಿ. ನೆರಳು ಅಂದ್ರೆ ಚರ್ಚಿನ ಒಳಗೆ ಮಾತ್ರ. ಮೊದಲೆಲ್ಲಾ ಹೋಗೋಕೆ ಅನುಮತಿ ಪತ್ರ ಬೇಕಿತ್ತಂತೆ, ಫೋಟೋ ತೆಗೆಯೋ ಹಾಗಿರಲಿಲ್ಲವಂತೆ. ಈಗ ಟಿಕೆಟ್ ತಗೊಂಡರೆ ಆಯ್ತು. 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ.

ಕೆಳಗೆ ನದಿಯಲ್ಲಿ ಒಂದು ಮುರಿದ ಸೇತುವೆ ಇದೆ. ನಡುವಿನ ಕಮಾನು ಇಲ್ಲ, ಎರಡು ದಡದಲ್ಲಿ ಎರಡು ಮೋಟು. ಒಂದು ಮೋಟು ಟರ್ಕಿ, ಒಂದು ಮೋಟು ಆರ್ಮೇನಿಯಾ. ನಾನು ಅಲ್ಲೇ ತುಂಬಾ ಹೊತ್ತು ನಿಂತಿದ್ದೆ. ಆಚೆ ದಡದಲ್ಲಿ ಯಾರೋ ಒಬ್ಬರು ಹಸು ಮೇಯಿಸುತ್ತಿದ್ದರು. ಕೈ ಬೀಸಿದೆ. ನೋಡಿದರೋ ಇಲ್ಲವೋ, ಹಸುವಂತೂ ನೋಡಿತು.

ಸುಮ್ನೆ_ಓದುಗ
ಮೇಡಂ, ಮೂರು ದಿನ ಆಯ್ತು.

ಹೇಮಾವತಿ_ದಂಡೆ
ಹಾಕಿದೆ ನೋಡಿ, ಒಟ್ಟು ಹನ್ನೊಂದು. ಸೇತುವೆದು ತಲೆಕೆಳಗಾಗಿ ಬಂದಿದೆ, ಮಗ ಮಲಗಿದ್ದಾನೆ. ಫೋನ್ ತಿರುಗಿಸಿ ನೋಡಿ.